ಉಪ್ಪಿನಕಾಯಿ ಡಬ್ಬದಲ್ಲಿ ಡುಮ್ಮ

"ಏಯ್ ಹಂಸಾ, ನಿನ್ನ ಬ್ಯಾಗ್ ಸೋರ್ತಾ ಇದೆ!" ಎಂದ ನಚಿಕೇತ.

ಹಂಸಾ ಬೆಚ್ಚಿಬಿದ್ದಳು. ಅಕ್ವೇರಿಯಂ ಬಾಗಿಲಲ್ಲಿ ಐದನೇ ಕ್ಲಾಸಿನವರ ಸಾಲು. ಮುಂದೆ ಶೃತಿ ಮಿಸ್ ತಲೆ ಎಣಿಸುತ್ತಿದ್ದರು.

"ವಾಟರ್ ಬಾಟಲ್ ಕಣೋ. ಸುಮ್ನಿರು."

ಬಾಟಲ್ ಅಲ್ಲ, ದೊಡ್ಡ ಉಪ್ಪಿನಕಾಯಿ ಡಬ್ಬ. ಅದರೊಳಗೆ ಡುಮ್ಮ ಇದ್ದ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು. ತಂದಾಗ ಕಿರುಬೆರಳಿನಷ್ಟಿತ್ತು. ಈಗ ಮನೆಯ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲೂ ಜಾಗವಿಲ್ಲ.

"ಇದನ್ನೂ ಸಾರಕ್ಕಿ ಕೆರೆಗೆ ಬಿಟ್ಟು ಬಾ" ಎಂದಿದ್ದರು ಅಜ್ಜಿ. ಹೋದ ತಿಂಗಳು ಇದರ ಜೊತೆಗಾರನನ್ನು ಹಂಸಾ ಅಲ್ಲೇ ಬಿಟ್ಟಿದ್ದಳು. ಆಮೇಲೆ ಎಷ್ಟು ಸಲ ಹೋಗಿ ನೋಡಿದರೂ ಅದು ಕಾಣಲಿಲ್ಲ. ಡುಮ್ಮನನ್ನು ಇಲ್ಲಿಯ ಟ್ಯಾಂಕಿಗೆ ಗುಟ್ಟಾಗಿ ಹಾಕಿದರೆ ರಜದಲ್ಲಿ ಬಂದು ನೋಡಬಹುದು.

ಆದರೆ ಒಳಗೆ ಎಲ್ಲ ಟ್ಯಾಂಕಿಗೂ ಮುಚ್ಚಳ! ಡಬ್ಬದಲ್ಲಿ ಇನ್ನೆಷ್ಟು ನೀರಿದೆಯೋ? ಎಲ್ಲರೂ ಮುಂದೆ ಹೋದ ಮೇಲೆ ಕೊನೆಯ ಟ್ಯಾಂಕಿನ ಮುಚ್ಚಳ ಸರಿಸಿದಳು.

"ಏನ್ ಪುಟ್ಟಾ ಮಾಡ್ತಿದೀಯ?"

ಹಿಂದೆ ಸಣ್ಣ ಬಲೆ ಹಿಡಿದ ಅಕ್ಕ. ಅವರ ಬ್ಯಾಡ್ಜಿನಲ್ಲಿ 'ಲಿಖಿತಾ' ಎಂದಿತ್ತು.

ಹಂಸಾ ಬ್ಯಾಗಿನ ಜಿಪ್ ಎಳೆದಳು. ಡಬ್ಬದಲ್ಲಿ ಅರ್ಧ ನೀರೂ ಇರಲಿಲ್ಲ.

"ಅಯ್ಯೋ! ಬಾ ಬಾ, ಬೇಗ!"

ಹಿಂದಿನ ಕೋಣೆಯಲ್ಲಿ ಸಾಲಾಗಿ ನೀಲಿ ಡ್ರಮ್‌ಗಳು. ಲಿಖಿತಾ ಅವುಗಳಲ್ಲೊಂದಕ್ಕೆ ಡುಮ್ಮನನ್ನು ಇಳಿಸಿದರು. ಅವನು ತಳಕ್ಕೆ ಹೋಗಿ ಅಂಟಿಕೊಂಡ.

"ಇವೆಲ್ಲ ಯಾರ ಮೀನು ಅಕ್ಕಾ?"

"ಮನೇಲಿ ಬೇಡ ಅಂತ ತಂದ್ಕೊಟ್ಟಿದ್ದು. ಮುಂಚೆ ಜನ ಇಲ್ಲಿಗೆ ಬರೀ ನೋಡೋಕೆ ಬರ್ತಿದ್ರು. ಈಗ ಕೊಡೋಕೂ ಬರ್ತಾರೆ. ಸದ್ಯ, ನೀನು ಕೆರೆಗೆ ಬಿಡ್ಲಿಲ್ವಲ್ಲ!"

"ಬಿಟ್ರೆ... ಏನಾಗುತ್ತೆ?"

ಲಿಖಿತಾ ಕಿಟಕಿಯ ಹತ್ತಿರದ ಟ್ಯಾಂಕ್ ತೋರಿಸಿದರು. ಅದರಲ್ಲಿ ಉಗುರಿನಷ್ಟು ಸಣ್ಣ ಮೀನುಗಳು. "ಇವು ನಮ್ಮ ಕೆರೆಗಳದ್ದೇ. ಸಕ್ಕರ್ ಬಂದ್ರೆ ಇವುಗಳ ಮೊಟ್ಟೆ ಉಳಿಯಲ್ಲ. ಅದಕ್ಕೇ ಇಲ್ಲಿ ಮರಿ ಮಾಡಿಸ್ತಿದೀವಿ."

ಹಂಸಾಳಿಗೆ ಸಾರಕ್ಕಿ ಕೆರೆ ನೆನಪಾಯಿತು.

ಲಿಖಿತಾ ರಿಜಿಸ್ಟರ್ ತೆರೆದರು. "ಹೆಸರು?"

"ಹಂಸಾ."

"ನಿಮ್ಮನೇಲಿ ಇದ್ದಿದ್ದು ಇದೊಂದೇ ತಾನೇ?"

"ಹಂಸಾ! ಎಲ್ಲಿದೀಯಾ?" ಹೊರಗಿನಿಂದ ಶೃತಿ ಮಿಸ್ ದನಿ. ಲಿಖಿತಾಗೆ ಹೂಂ ಎಂದರೆ ಸಾಕು, ಓಡಿಬಿಡಬಹುದು.

ಕಿಟಕಿಯ ಬೆಳಕಲ್ಲಿ ಸಣ್ಣ ಮೀನುಗಳು ಒಟ್ಟಿಗೆ ಈಚೆ ತಿರುಗಿದವು.

"ಎರಡಿತ್ತು ಅಕ್ಕಾ" ಎಂದಳು ಹಂಸಾ. "ಇನ್ನೊಂದನ್ನ ಕೆರೇಲಿ ಎಲ್ಲಿ ಬಿಟ್ಟೆ ಅಂತ ತೋರಿಸ್ತೀನಿ."