ಎಡಜೇಬಿನ ಏಳನೆಯ ಚೀಟಿ

ಏಳು ಚೀಟಿ ಇರಬೇಕಿತ್ತು, ಆರೇ ಇದ್ದವು. ಏಪ್ರನ್ನಿನ ಎಡಜೇಬನ್ನು ಮಗುಚಿ ಕೊಡವಿದೆ. ಒಂದು ಗುಂಡಿ ಬಿತ್ತು, ಅಷ್ಟೆ. ಕೌಂಟರಿನ ಆಚೆ ಹದಿನೈದು ಜನ ಸಾಲಾಗಿ ನಿಂತು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು.

ವರ್ಷಾಂತ್ಯದ ರಜೆಗೆ ಮುಂಚಿನ ಕಡೆಯ ದಿನ ಅದು. ರಜೆ ಎಂದರೆ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನವಳಿಗೆ ಏನು ಅಂತ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ಕೋಟುಗಳೆಲ್ಲ ಒಂದೇ ವಾರದಲ್ಲಿ ಎದ್ದು ಬರುತ್ತವೆ, ಎಲ್ಲವೂ ನಿನ್ನೆಯೇ ಬೇಕಾಗಿರುತ್ತವೆ. ಮನೆಯಲ್ಲಾದರೂ ಉಸಿರಾಡೋಣ ಎಂದರೆ, ಒಂಟಿಯಾಗಿರುವವಳ ಮನೆಯಲ್ಲಿ ಜಾಗಕ್ಕೇನು ಕೊರತೆ ಎಂದುಕೊಂಡು ಅಕ್ಕ, ಭಾವ, ಚಿಕ್ಕಪ್ಪನ ಸಂಸಾರ ಎಲ್ಲ ಸೇರಿ ಹನ್ನೊಂದು ಜನ ಸಂಜೆಯ ರೈಲಿಗೆ ಬಂದಿಳಿಯುವವರಿದ್ದರು. ಇದ್ದದ್ದು ನಾಲ್ಕು ಹಾಸಿಗೆ.

ಹೋದ ತಿಂಗಳು ಎದೆ ಬಿಗಿದು ಉಸಿರು ಸಿಕ್ಕಿಹಾಕಿಕೊಂಡಂತಾಗಿ ಡಾಕ್ಟರ ಹತ್ತಿರ ಓಡಿದ್ದೆ. ಎದೆಗೇನೂ ಆಗಿಲ್ಲ, ತಲೆಯ ಮೇಲಿನ ಭಾರ ಇಳಿಸಿ ಎಂದರು. ಅವರು ಕೊಟ್ಟ ಮದ್ದು ಇದು: ಚಿಂತೆ ಬಂದಾಗಲೆಲ್ಲ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಬೇಕು, ರಜೆ ಶುರುವಾಗುವ ದಿನ ಎಲ್ಲವನ್ನೂ ಒಟ್ಟಿಗೆ ಹರಿದು ಬಿಸಾಡಬೇಕು. ನನ್ನ ಕೈಗೆ ಸಿಗುವ ಚೀಟಿ ಬಟ್ಟೆಗೆ ನಂಬರ್ ಬರೆದು ಪಿನ್ ಮಾಡುವ ಚೀಟಿಯೇ. ಹಾಗಾಗಿ ಬಲಜೇಬಿನಲ್ಲಿ ಖಾಲಿ ಚೀಟಿ, ಎಡಜೇಬಿನಲ್ಲಿ ಚಿಂತೆ.

ಕಾಣೆಯಾದದ್ದು ಏಳನೆಯದು. ಅದರಲ್ಲಿ ಬರೆದದ್ದು ಇಷ್ಟೆ: ‘ಮೇಷ್ಟ್ರು ಹೋಗ್ತಾರಂತೆ. ಅವರಂದ್ರೆ ಇಷ್ಟ ಅಂತ ಹೇಳಲಾ? ಹೇಳಿದ ಮೇಲೂ ಹೋದರೆ?’

ಮೇಷ್ಟ್ರು ಎಂದರೆ ನಮ್ಮ ಇಸ್ತ್ರಿಯವರು. ಯಾರ ಕಾಲರ್ ಮಡಚಿದ್ದರೂ ತಿದ್ದದೆ ಬಿಡುವವರಲ್ಲ, ಅದಕ್ಕೆ ನಾನೇ ಇಟ್ಟ ಹೆಸರು. ಮೂರು ವರ್ಷದಿಂದ ನನ್ನ ಬೆನ್ನ ಹಿಂದೆ, ತೂಗುಹಾಕಿದ ಕೋಟುಗಳ ಆಚೆ ಅವರ ಹಬೆಯಂತ್ರ. ಗಿರಾಕಿ ರೇಗಾಡಿದಾಗಲೆಲ್ಲ ಎರಡು ಕೋಟುಗಳ ತೋಳು ಸರಿಸಿ, ಆ ಸಂದಿಯಲ್ಲಿ ಒಂದು ಹುಬ್ಬು ಮೇಲೇರಿಸುತ್ತಿದ್ದರು. ನನಗೆ ನಗು ಬರುತ್ತಿತ್ತು, ದಿನ ಸಾಗುತ್ತಿತ್ತು. ಈಗ ಬೇರೆ ಊರಿನ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು, ರಜೆ ಮುಗಿದ ಮಾರನೆಯ ದಿನವೇ ಸೇರಬೇಕಂತೆ. ಮೂರು ದಿನದಿಂದ ತೋಳು ಸರಿಸುವುದೂ ಇಲ್ಲ, ಹುಬ್ಬೂ ಇಲ್ಲ. ಮನಸ್ಸು ಆಗಲೇ ಹೊರಟುಹೋಗಿದೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಚೀಟಿ ಎಲ್ಲಿ ಹೋಗಿರಬಹುದೆಂದು ಆಗ ಹೊಳೆಯಿತು. ಗಡಿಬಿಡಿಯಲ್ಲಿ ಎಡಜೇಬಿಗೆ ಕೈ ಹಾಕಿ, ಚೀಟಿಯ ಖಾಲಿ ಬದಿಯಲ್ಲಿ ನಂಬರ್ ಬರೆದು, ಯಾರದೋ ಕಾಲರಿಗೆ ಪಿನ್ ಮಾಡಿದ್ದೇನೆ. ಕಂಬಿಯಲ್ಲಿ ಇನ್ನೂರು ಬಟ್ಟೆ. ಅದನ್ನು ಯಾವನೋ ಮನೆಗೆ ಒಯ್ದು, ಹೆಂಡತಿ ಮಕ್ಕಳ ಮುಂದೆ ಗಟ್ಟಿಯಾಗಿ ಓದುವುದು ಕಣ್ಣಿಗೆ ಕಟ್ಟಿತು.

ಆಮೇಲೆ ಪ್ರತಿ ಚೀಟಿಯನ್ನೂ ತಿರುಗಿಸಿ ನೋಡದೆ ಒಂದು ಬಟ್ಟೆಯನ್ನೂ ಬಿಡಲಿಲ್ಲ. ಸಾಲು ಬೆಳೆಯಿತು, ಗೊಣಗಾಟ ಬೆಳೆಯಿತು. ಮೀಸೆಯ ತಾತನೊಬ್ಬರಿಗೆ ಜರತಾರಿ ಲಂಗ ಕೊಟ್ಟುಬಿಟ್ಟೆ, ಅವರು ಅದನ್ನು ಎತ್ತಿ ಹಿಡಿದು ತಮ್ಮ ಅಳತೆಯದಲ್ಲ ಎಂದರು. ಸಾಲಿಗೆ ಸಾಲೇ ನಕ್ಕಿತು, ನನಗೆ ಅಳು ಬಂತು. ಹಬೆಯ ಆಚೆಯಿಂದ ಮೇಷ್ಟ್ರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಏನಿಲ್ಲ ಎಂದೆ. ಅವರ ಕಿವಿ ಕೆಂಪಾಯಿತು. ಹಬೆಯ ಬಿಸಿಗೆ ಅಂದುಕೊಂಡೆ.

ನಾಲ್ಕು ಗಂಟೆಗೆ ಷಟರ್ ಅರ್ಧ ಇಳಿಯಿತು. ಕಂಬಿಯಲ್ಲಿ ಉಳಿದದ್ದು ಒಂದೇ ಒಂದು ಕಪ್ಪು ಕೋಟು. ಮೂರು ದಿನದ ಹಿಂದೆ ಬೆಳಿಗ್ಗೆ ರಾಶಿಯಲ್ಲಿದ್ದದ್ದು, ಯಾರದೆಂದು ತಲೆಯೆತ್ತಿ ನೋಡದೆ ನಂಬರ್ ಹಾಕಿ, ರಸೀದಿ ಹರಿದು ಅದರ ಪಕ್ಕದಲ್ಲೇ ಇಟ್ಟಿದ್ದೆ. ಅದರ ಕಡೆ ಕೈ ಚಾಚುವಷ್ಟರಲ್ಲಿ ಮೇಷ್ಟ್ರು ಹಿಂಬಾಗಿಲಿನಿಂದ ಹೋಗಿ, ಅಂಗಡಿ ಸುತ್ತು ಹಾಕಿ, ಷಟರಿನ ಕೆಳಗೆ ಬಗ್ಗಿ ಒಳಬಂದರು. ಗಿರಾಕಿಯ ಹಾಗೆ ಕೌಂಟರಿನ ಆಚೆ ನಿಂತು ರಸೀದಿ ಚಾಚಿದರು. ಕೋಟಿನದೇ ನಂಬರ್.

ಚೀಟಿ ತಿರುಗಿಸಿದೆ. ನನ್ನದೇ ಅಕ್ಷರ.

"ಮೂರು ದಿನ ಆಯ್ತು ಓದಿ," ಎಂದರು. "ಬಟ್ಟೆ ಜೇಬಲ್ಲಿ ಸಿಕ್ಕಿದ್ರೆ ಓದದೆ ಕವರಿಗೆ ಹಾಕಿ ಕೊಡ್ತಿದ್ದೆ, ಅಂಗಡಿ ರೂಲ್ಸು ಗೊತ್ತು. ನೀವು ಕಾಲರಿಗೇ ಪಿನ್ ಮಾಡಿದ್ರಿ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅದು ನಿಮ್ಮನ್ನ ನೀವೇ ಕೇಳ್ಕೊಂಡಿದ್ದು, ನನ್ನನ್ನಲ್ಲ. ನೀವೇ ನನ್ನ ಕೇಳಲಿ ಅಂತ ಕಾಯ್ತಿದ್ದೆ."

ಕಾಯುವುದಕ್ಕೆ ಬೇರೆ ವಾರ ಸಿಗಲಿಲ್ಲವೇ ಎಂದು ಜಗಳ ತೆಗೆಯಬೇಕೆನಿಸಿತು. ಎದೆ ಬಿಗಿಯಿತು, ಆ ಹಳೆಯ ಬಿಗಿತವೇ. ಆದರೆ ಈ ಸಲ ಚೀಟಿಗೆ ಕೈ ಹಾಕಲಿಲ್ಲ.

"ಹೋಗಬೇಡಿ," ಎಂದೆ. "ನೀವಂದ್ರೆ ಇಷ್ಟ."

ಒಳಗೆ ತಣ್ಣಗಾಗುತ್ತಿದ್ದ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅವರು ಕೋಟನ್ನು ನನ್ನ ಕಡೆಗೇ ತಳ್ಳಿದರು.

"ಹೊಸ ಕೆಲಸಕ್ಕೆ ಹಾಕ್ಕೊಂಡು ಹೋಗೋಣ ಅಂತ ಕೊಟ್ಟಿದ್ದೆ. ಇನ್ನು ಅವಸರವಿಲ್ಲ, ಇಲ್ಲೇ ಇರಲಿ."

ಸಂತೋಷಕ್ಕೆ ಏನು ಮಾಡಬೇಕೆಂದು ತೋಚದೆ ಎಡಜೇಬಿನಲ್ಲಿದ್ದ ಆರು ಚೀಟಿಗಳನ್ನೂ ತೆಗೆದು ಅವರ ಮುಂದಿಟ್ಟೆ. ಒಂದೊಂದನ್ನೇ ಓದಿದರು. ಹರಿಯಲಿಲ್ಲ. ಅಂಚು ಕೂಡಿಸಿ ನೀಟಾಗಿ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ನಂತರ ಕೌಂಟರಿನ ಮೇಲಿಂದ ಕೈ ಚಾಚಿ, ನನ್ನ ಮಡಚಿದ ಕಾಲರನ್ನು ತಿದ್ದಿದರು.

"ಹನ್ನೊಂದು ಜನ, ನಾಲ್ಕು ಹಾಸಿಗೆ," ಎಂದು ಹುಬ್ಬು ಮೇಲೇರಿಸಿದರು. "ರೈಲು ಎಷ್ಟೊತ್ತಿಗೆ?"