ಕಾರಂಜಿ ಬೀದಿಯ ಬ್ರೇಕಿಂಗ್ ನ್ಯೂಸ್

ಇದೊಂದು ಕೇಳಿಬಿಡಿ, ಆಮೇಲೆ ಬೇಕಾದರೆ ಆಡಲು ಓಡಿ!

"ಅಯ್ಯೋ, ನನ್ನ ಮಾತೆಲ್ಲಿ ಹೋಯ್ತು?" ಎಂದು ಕಿರುಚಿದಳು ಐದನೇ ಕ್ಲಾಸಿನ ವಟವಟಿ. ಮಾತು ಶುರು ಮಾಡಿದರೆ ನಿಲ್ಲಿಸುವವಳಲ್ಲ, ಅದಕ್ಕೇ ಆ ಹೆಸರು.

ಬೀದಿಯ ಮಕ್ಕಳೆಲ್ಲ ಕಟಿಂಗ್ ಶಾಪಿನ ಟಿವಿ ಮುಂದೆ ಸೇರಿದ್ದರು. ನ್ಯೂಸಿನಲ್ಲಿ ಅವಳದೇ ಮುಖ! ಬಾಯಿ ಪಟಪಟ ಅಲ್ಲಾಡುತ್ತಿತ್ತು. ಕೇಳಿಸುತ್ತಿದ್ದದ್ದು ಮಾತ್ರ ಡಂಡಂ ಡಂಡಂ ಹಾಡು. ಆಮೇಲೆ ಒಡೆದ ಪೈಪಿನ ಕೆಸರು ನೀರಿನಲ್ಲಿ ಅವಳ ಕುಣಿತ. ಕೆಳಗೆ ದಪ್ಪ ಅಕ್ಷರದಲ್ಲಿ 'ಕಾರಂಜಿ ಬೀದಿಯ ಡ್ಯಾನ್ಸಿಂಗ್ ಪುಟಾಣಿ!'

"ಪೈಪ್ ಒಡೆದು ನಲ್ಲೀಲಿ ನೀರಿಲ್ಲ, ಬೇಗ ರಿಪೇರಿ ಮಾಡಿ ಅಂತ ಹೇಳಿದ್ದೆ ಕಣ್ರೋ! ಆಮೇಲೆ ರಿಪೋರ್ಟರ್ ಅಕ್ಕ ಒಂಚೂರು ಕುಣಿ ಅಂದ್ರು, ಕುಣಿದೆ."

"ಬಿಡೇ, ಸ್ಟಾರ್ ಆಗ್ಬಿಟ್ಟೆ!" ಎಂದ ಕನ್ನಡಕದ ಹುಡುಗ.

ನಿಜವೇ. ಮರುದಿನ ಪಕ್ಕದ ಬೀದಿಯವರೂ ಸೆಲ್ಫಿಗೆ ಬಂದರು. ರಿಪೇರಿಯವರು ಮಾತ್ರ ಬರಲಿಲ್ಲ. ರಸ್ತೆಯಲ್ಲಿ ಕಾರಂಜಿ, ಮನೆಯ ನಲ್ಲಿಯಲ್ಲಿ ಬರೀ ಗಾಳಿ. ಎದುರುಮನೆಯ ಮಂಡಿನೋವಿನ ಅಜ್ಜಿ ಎಲ್ಲಿಂದಲೋ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. "ಚೆನ್ನಾಗಿ ಕುಣಿದೆ ಮರಿ. ನೀರು ಯಾವಾಗ ಬರತ್ತಂತೆ?"

ವಟವಟಿಯ ಮುಖ ಸಪ್ಪಗಾಯಿತು.

ಸಂಜೆ ಚಾನೆಲ್ ವ್ಯಾನ್ ಮತ್ತೆ ಬಂತು. ರಿಪೋರ್ಟರ್ ಅಕ್ಕ ಇಳಿದಳು.

"ಪುಟ್ಟಾ, ನಿನ್ ಡ್ಯಾನ್ಸ್ ಸೂಪರ್ ಹಿಟ್! ಇವತ್ತು ಲೈವ್. ರೆಡಿನಾ?"

"ಅಕ್ಕಾ, ಇವತ್ತೂ ಹಾಡು ಹಾಕ್ತೀರಾ?"

"ಮತ್ತೆ? ಹಾಡಿಲ್ದಿದ್ರೆ ನ್ಯೂಸ್ ಯಾರು ನೋಡ್ತಾರೆ? ಆಫೀಸಿಂದಾನೇ ಹಾಕ್ತಾರೆ."

ಹಾಗಾದರೆ ಗಂಟಲು ಹರಿಯುವಷ್ಟು ಕೂಗಿದರೂ ಅಷ್ಟೇ! ವಟವಟಿ ಒಂದೇ ಓಟಕ್ಕೆ ಮನೆಗೆ ಹೋಗಿ ಖಾಲಿ ಬಕೆಟ್ ತಂದಳು.

ಕ್ಯಾಮೆರಾ ಶುರುವಾಯಿತು. ಶಾಪಿನ ಟಿವಿಯಲ್ಲಿ ಡಂಡಂ ಎಂದಿತು ಹಾಡು. ಅವಳ ಕಾಲು ತಾನಾಗಿಯೇ ತಾಳ ಹಾಕತೊಡಗಿತು. ಹೇಗೋ ತಡೆದುಕೊಂಡಳು. ಬಕೆಟನ್ನು ಕ್ಯಾಮೆರಾ ಎದುರು ಬೋರಲಾಗಿ ಹಿಡಿದಳು. ಒಂದು ಹನಿಯೂ ಬೀಳಲಿಲ್ಲ. ಅವಳ ಬಾಯಿಂದ ಒಂದು ಮಾತೂ ಬೀಳಲಿಲ್ಲ!

"ಕುಣಿಯಮ್ಮಾ!" ಎಂದು ಪಿಸುಗುಟ್ಟಿದಳು ರಿಪೋರ್ಟರ್ ಅಕ್ಕ.

ಅಷ್ಟರಲ್ಲಿ ಅಜ್ಜಿ ಬಂದು ಪಕ್ಕದಲ್ಲಿ ಕೊಡ ಬೋರಲು ಹಿಡಿದಳು. ಕಟಿಂಗ್ ಶಾಪ್ ಮಾಮ ಮಗ್ಗು ತಂದ. ಅವನ ಹಿಂದೆಯೇ ಮುಖದ ತುಂಬ ನೊರೆ ಮೆತ್ತಿಕೊಂಡ ಗಿರಾಕಿ. "ತೊಳ್ಕೊಳೋಕೂ ನೀರಿಲ್ಲ ಸ್ವಾಮಿ, ನೋಡ್ಕೊಳಿ!"

ಹಾಡು ಡಂಡಂ ಎನ್ನುತ್ತಲೇ ಇತ್ತು. ಕುಣಿಯುವವರೇ ಇಲ್ಲ. ನೋಡನೋಡುತ್ತ ಬೀದಿ ತುಂಬ ಬೋರಲು ಪಾತ್ರೆಗಳು. ಹಾಡು ತಟ್ಟನೆ ನಿಂತುಹೋಯಿತು.

ರಿಪೋರ್ಟರ್ ಅಕ್ಕ ಕಿವಿಯ ಇಯರ್‌ಫೋನ್ ಒತ್ತಿಕೊಂಡು ಆಫೀಸಿನವರು ಹೇಳಿದ್ದನ್ನು ಕೇಳಿಸಿಕೊಂಡಳು. ಒಮ್ಮೆ ಬಕೆಟ್ ನೋಡಿದಳು. ಆಮೇಲೆ ಮೈಕನ್ನು ಅಜ್ಜಿಯತ್ತ ಹಿಡಿದಳು. "ಏನಾಗಿದೆ ಅಜ್ಜಿ, ಹೇಳಿ."

ಅಜ್ಜಿ ಹೇಳುತ್ತಾ ಹೋದಳು. ಟಿವಿಯಲ್ಲೂ ಅವಳ ಮಾತಿನ ಪದಪದವೂ ಕೇಳಿಸುತ್ತಿತ್ತು. ವಟವಟಿ ನಡುವೆ ಬಾಯಿ ಹಾಕದೆ ಕೇಳುತ್ತ ನಿಂತಳು.

"ಥೂ, ಸ್ಟಾರ್ ಆಗೋ ಚಾನ್ಸ್ ಹಾಳ್ಮಾಡ್ಕೊಂಡ್ಯಲ್ಲೇ!" ಎಂದು ಕನ್ನಡಕದ ಹುಡುಗ ಅವಳ ಜಡೆ ಎಳೆದ.

"ಶ್! ಅಜ್ಜಿ ಮಾತಾಡ್ತಿದಾಳೆ."

ಎದುರಿಗೆ ಕ್ಯಾಮೆರಾ, ಕಿವಿಗೆ ಹಾಡು, ಊರೆಲ್ಲ ನೋಡುತ್ತಿದೆ. ಅಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?