ತಾನಾಗಿ ಎದ್ದ ಏಳನೇ ಗೇಟು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲುವೆಯ ಏಳನೇ ಗೇಟು ತಾನಾಗಿ ಎದ್ದಿತು. ಅದರ ಕೆಳಗೆ ಒಣ ಕಾಲುವೆಯಲ್ಲಿ ಜೊಂಡು ಕೀಳುತ್ತಿದ್ದ ಕಾವಲುಗಾರ ಹುಲಗಪ್ಪ ನೀರುಪಾಲಾದ. ಹೆಣ ಮೂರು ಫರ್ಲಾಂಗು ದೂರದಲ್ಲಿ ಸಿಕ್ಕಿತು.

ಕೆಂಭಾವಿಯ ಸಬ್ ಇನ್‌ಸ್ಪೆಕ್ಟರ್ ದೇವಕಮ್ಮ ಕಾವಲು ಕೋಣೆಯೊಳಗೆ ಇಣುಕಿದಳು. ಒಂದು ತಟ್ಟೆ, ಒಂದು ಲೋಟ, ಒಂದು ಕಂಬಳಿ. ಅವಳ ಕ್ವಾರ್ಟರ್ಸಿನಲ್ಲೂ ಹೆಚ್ಚೇನಿರಲಿಲ್ಲ. ಬಾಗಿಲು ಮುಂದಕ್ಕೆಳೆದು ಹೊರಬಂದು, ಕಾಲುವೆ ದಂಡೆಯ ಮೇಲೆ ಹುಲಗಪ್ಪ ಬಿಟ್ಟಿಳಿದಿದ್ದ ಫೋನನ್ನು ಎತ್ತಿಕೊಂಡಳು.

"ಗೇಟಿಗೆ ಆಜ್ಞೆ ಎಲ್ಲಿಂದ ಬಂತು?"

"ಕೆಂಭಾವಿ ಕಂಪ್ಯೂಟರ್ ಕೋಣೆಯಿಂದ್ರಿ. ಮೋನಮ್ಮ ಅನ್ನಾಕಿ ಹೆಸರಿಲೆ," ಎಂದ ಪೇದೆ ಬೀರಣ್ಣ.

*

ಗೇಟುಗಳಿಗೆ ತಂತ್ರಾಂಶ ಬರೆಯುವ ಗುತ್ತಿಗೆ ಕಚೇರಿ ಅದು. ಇದ್ದವರು ಇಬ್ಬರೇ. ಮೋನಮ್ಮ ಮತ್ತು ಮೇಲ್ವಿಚಾರಕ ಮೌನಪ್ಪ.

"ನಾ ಗೇಟು ಎತ್ತಿಲ್ರಿ ಮೇಡಮ್ಮೋರ," ಎಂದಳು ಮೋನಮ್ಮ. "ಹತ್ತಕ್ಕ ಬಂದೆ, ನನ್ನ ಕೆಲಸದ ಫೋಲ್ಡರ್ ತೆರೆದೆ. ಅಷ್ಟ."

"ಫೋಲ್ಡರ್ ತೆರೆದ್ರ ಗೇಟು ಏಳ್ತದೇನು?"

"ಏಳಬಾರದ್ರಿ. ದಿನಾ ಕೊಡೋ ಆಜ್ಞೆ ಒಂದು ಕಡತದಾಗ ಬರದಿಟ್ಟೀನ್ರಿ. ಫೋಲ್ಡರ್ ತೆರೆದ ಕೂಡ್ಲೆ ಅವು ತಾವ ಓಡೋಹಂಗ ಮೌನಪ್ಪ ಸರ್ ಸಜ್ಜು ಮಾಡಿಕೊಟ್ಟಾರ. ಹೊಸ ಅಳತಿ ತರೋದು, ತಪ್ಪು ಹುಡುಕೋದು, ಪರೀಕ್ಷೆಗಿಟ್ಟ ನಕಲಿ ಗೇಟು ಚಾಲೂ ಮಾಡೋದು. ಮೂರ ಸಾಲು."

ಪರದೆಯ ಮೇಲೆ ನಾಲ್ಕಿದ್ದವು. ನಾಲ್ಕನೆಯದು ನಿಜವಾದ ಏಳನೇ ಗೇಟನ್ನೇ ಎತ್ತುವ ಆಜ್ಞೆ. ಸೇರಿಸಿದ್ದು ಶನಿವಾರ ಸಂಜೆ ನಾಲ್ಕೂ ಹತ್ತಕ್ಕೆ.

"ಶನಿವಾರ ಎಲ್ಲಿದ್ದಿ?"

"ನನ್ನ ಖೋಲ್ಯಾಗ್ರಿ. ಒಬ್ಬಾಕಿನ."

"ನೋಡಿದವರು?"

"ನನ್ನ ನೋಡೋರು ಯಾರದಾರ್ರೀ?"

ದೇವಕಮ್ಮ ಕಣ್ಣನ್ನು ಮತ್ತೆ ಪರದೆಯತ್ತ ತಿರುಗಿಸಿದಳು.

ಮೌನಪ್ಪ ನಡುವೆ ಬಾಯಿ ಹಾಕಿದ. "ನಾ ಶುಕ್ರವಾರ ಯಾದಗಿರಿಗೆ ಹೋದಾಂವ ಇವತ್ತ ಬಂದೀನ್ರಿ. ದೇವಾಪುರದ ಬಾಲಪ್ಪನ್ನ ವಿಚಾರಿಸ್ರಿ. ಹುಲಗಪ್ಪನ ಕೂಡ ನೀರಿಗೆ ಜಗಳ ಆಡಿದ್ದ."

*

ಬಾಲಪ್ಪ ಹೊಲದಲ್ಲೇ ಸಿಕ್ಕ. "ಜಗಳ ಆಡಿದ್ದು ಖರೇರಿ. ನಮ್ಮ ಪಾಳಿ ನೀರು ಕದ್ದಿ ಅಂತ ಬೈದೆ. ಆಮ್ಯಾಲ ಹುಲಗಪ್ಪ ನನ್ನ ಕರಕೊಂಡು ಹೋಗಿ ತೋರಿಸ್ದ. ನೀರು ಹರೀತಿದ್ದದ್ದು ಮೌನಪ್ಪನ ಅಣ್ಣನ ಹೊಲಕ್ಕ. ನಾಳಿ ನೀರಾವರಿ ದೊಡ್ಡ ಸಾಹೇಬ್ರ ಮುಂದ ಅದನ್ನ ಹೇಳಾಂವಿದ್ದ."

ಕಾರಣ ಸಿಕ್ಕಿತು. ಸಾಕ್ಷಿ ಬೇಕಿತ್ತು. ಕಚೇರಿಯ ಎದುರು ಚಹಾ ಮಾರುವ ಶರೀಫಾಬೀಯ ಬೆಂಚಿನಲ್ಲಿ ದೇವಕಮ್ಮ ಕೂತಳು.

"ಶನಿವಾರ ಸಂಜಿ ಈ ಕಚೇರಿಗೆ ಯಾರರ ಬಂದಿದ್ರೇನು, ಖಾಲಾ?"

"ನಾ ಯಾರನ್ನೂ ನೋಡಿಲ್ಲ ಬೇಟಿ. ಮಧ್ಯಾಹ್ನದಿಂದ ರಾತ್ರಿತನಕ ಊರಿಗೇ ಕರೆಂಟ್ ಇರಲಿಲ್ಲ. ಅವರ ಜನರೇಟರ್ ಸಪ್ಪಳಕ್ಕ ತಲಿ ಸಿಡೀತಿತ್ತು."

ದೇವಕಮ್ಮ ಅರ್ಧ ಕುಡಿದ ಚಹಾ ಇಟ್ಟು ಎದ್ದಳು.

*

"ಮೌನಪ್ಪ, ಶನಿವಾರ ಕರೆಂಟ್ ಇರಲಿಲ್ಲ. ಈ ಕಂಪ್ಯೂಟರ್ ಹೆಂಗ ಚಾಲೂ ಆತು?"

ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ.

"ಜನರೇಟರ್ ಕೀಲಿ ಯಾರ ಹತ್ರ ಅದ?"

"ಒಂದ ಕೀಲಿರಿ," ಎಂದಳು ಮೋನಮ್ಮ ಮೆಲ್ಲಗೆ. "ಸರ್ ಹತ್ರ."

"ಅಂದ್ರ ಶನಿವಾರ ನೀ ಯಾದಗಿರ್ಯಾಗ ಇರಲಿಲ್ಲ," ಎಂದಳು ದೇವಕಮ್ಮ ಮೌನಪ್ಪನಿಗೆ. "ಇದನ್ನ ಸಜ್ಜು ಮಾಡಿಕೊಟ್ಟಾಂವ ನೀನ. ಪಾಸ್‌ವರ್ಡ್ ನಿನಗ ಗೊತ್ತು. ಈಕಿ ಹತ್ತಕ್ಕ ಫೋಲ್ಡರ್ ತೆರೀತಾಳ, ಆಜ್ಞೆ ಈಕಿ ಹೆಸರಿಲೆ ಹೋಗ್ತದ ಅಂತಾನೂ ಗೊತ್ತು. ಉಳಿದದ್ದು ಒಂದ ಕೆಲಸ. ಹತ್ತಕ್ಕ ಹುಲಗಪ್ಪ ಕಾಲುವ್ಯಾಗ ಇರಬೇಕು. ದಂಡಿ ಮ್ಯಾಲ ಆತ ಬಿಟ್ಟ ಫೋನಿನ್ಯಾಗ ಕಡೀ ಕರೆ ನಿಂದ. ಒಂಬತ್ತೂ ನಲವತ್ತಕ್ಕ. ಜೊಂಡು ತಗಿ ಅಂತ ಇಳಿಸ್ದಿ, ಹೌದಿಲ್ಲೋ?"

ಮೌನಪ್ಪ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಹೆದರಿಸಬೇಕಂತ ಮಾಡಿದ್ದೆ... ಸಾಯ್ತಾನ ಅಂದ್ಕೊಂಡಿದ್ದಿಲ್ರಿ."

"ಬೀರಣ್ಣ, ಜೀಪಿಗೆ ಹತ್ತಿಸು."

*

ಮರುದಿನ ಶಹಾಪುರದ ಶವಾಗಾರಕ್ಕೆ ಹುಲಗಪ್ಪನ ಕಡೆಯವರು ಯಾರೂ ಬರಲಿಲ್ಲ. ಕಡೆಯವರೇ ಇರಲಿಲ್ಲ. ಮಧ್ಯಾಹ್ನ ಮೋನಮ್ಮ ಬಂದಳು. ಬಟ್ಟೆ ಸರಿಸಿ ಮುಖವನ್ನೇ ನೋಡುತ್ತ ನಿಂತಳು.

"ನಾಕು ವರ್ಷ ದಿನಾ ಫೋನ್ ಮಾಡಿ ನೀರಿನ ಅಳತಿ ಹೇಳ್ತಿದ್ರು. 'ಉಂಡೇನವ್ವ?' ಅಂತ ಕೇಳೇ ಇಡ್ತಿದ್ರು. ಮುಖ ಇವತ್ತ ನೋಡಾಕತ್ತೀನ್ರಿ."

ದೇವಕಮ್ಮ ಹೆಣ ಒಪ್ಪಿಸುವ ಕಾಗದ ಮುಂದಿಟ್ಟಳು. 'ಸಂಬಂಧ' ಎಂಬಲ್ಲಿ ಮೋನಮ್ಮನ ಪೆನ್ನು ನಿಂತಿತು.

"ಇಲ್ಲೇನ್ ಬರೀಲ್ರಿ?"

"ಏನಂತ ಕರೀತಿದ್ದಿ?"

"ಕಾಕಾ ಅಂತಿದ್ದೆ."

"ಅದನ್ನ ಬರಿ."

ಮೋನಮ್ಮ ಬರೆದಳು. ಸಾಕ್ಷಿಯ ಜಾಗದಲ್ಲಿ ದೇವಕಮ್ಮ ಸಹಿ ಹಾಕಿದಳು.